ಬಚ್ಚಿಟ್ಟಾಗ ಚೆಂದ, ಬಯಲಾದ ಮೇಲೆ ಸಪ್ಪೆ: ಚೀನಾದ ‘ಹಿಡನ್ ಲವ್’ ಗೆದ್ದಿದ್ದೆಲ್ಲಿ, ಸೋತಿದ್ದೆಲ್ಲಿ

ಹೈಸ್ಕೂಲ್ ಓದುವ ಹುಡುಗಿಯೊಬ್ಬಳು ಒಬ್ಬಳೇ ವಿಮಾನ ಹತ್ತಿ ಬೇರೆ ಊರಿಗೆ ಹೋಗುತ್ತಾಳೆ. ಅಣ್ಣನ ಗೆಳೆಯನನ್ನು ಒಮ್ಮೆ ನೋಡಬೇಕು, ಅಷ್ಟೇ ಅವಳ ಆಸೆ. ಅವನೇನೋ ಕಣ್ಣಿಗೆ ಬೀಳುತ್ತಾನೆ. ಆದರೆ ಅವನ ಜೊತೆ ಒಬ್ಬ ಯುವತಿ ಇದ್ದಾಳೆ. ಹುಡುಗಿಯ ಪಾಲಿಗೆ ಅಲ್ಲಿಗೆ ಎಲ್ಲ ಮುಗಿಯಿತು. ಯಾಕೆ ಬಂದೆ ಎಂದು ಕೇಳಿದರೆ ಏನು ಹೇಳಬೇಕು? ಆನ್‌ಲೈನಿನಲ್ಲಿ ಪರಿಚಯವಾದ ಹುಡುಗನನ್ನು ನೋಡಲು ಬಂದೆ ಎಂದು ಸುಳ್ಳು ಹೇಳುತ್ತಾಳೆ. ಅಳು ಮಾತ್ರ ನಿಲ್ಲುವುದಿಲ್ಲ. ಯಾವನೋ ಹುಡುಗ ಇವಳ ಮನಸ್ಸು ಮುರಿದಿದ್ದಾನೆ ಅಂದುಕೊಂಡು ಇವನು ಸಮಾಧಾನ ಮಾಡುತ್ತಾನೆ, ಬುದ್ಧಿ ಹೇಳುತ್ತಾನೆ. ಯಾರಿಗಾಗಿ ಅಳು ಬರುತ್ತಿದೆಯೋ ಅವನ ಎದುರಿಗೇ ಕೂತು, ಇಲ್ಲದ ಒಬ್ಬನ ಹೆಸರು ಹೇಳಿ ಅಳುತ್ತಾಳೆ ಅವಳು.

‘ಹಿಡನ್ ಲವ್’ ಎಂಬ ಚೀನೀ ಧಾರಾವಾಹಿಯ ಈ ದೃಶ್ಯವನ್ನು ನಾನು ಮೂರು ಸಲ ನೋಡಿದ್ದೇನೆ. ಮೂರು ಸಲವೂ ಗಂಟಲು ಕಟ್ಟಿದೆ.

‘ಹಿಡನ್ ಲವ್’ 2023ರ ಜೂನ್ 20ರಂದು ಚೀನಾದ ಯೂಕು ಎಂಬ ಆನ್‌ಲೈನ್ ವಿಡಿಯೊ ವೇದಿಕೆಯಲ್ಲಿ ಶುರುವಾಯಿತು. ಚೀನಾದ ಹೊರಗೆ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಒಟ್ಟು 25 ಕಂತು. ಝು ಯಿ ಎಂಬ ಹೆಸರಿನಲ್ಲಿ ಬರೆಯುವ ಲೇಖಕಿಯ ಆನ್‌ಲೈನ್ ಕಾದಂಬರಿ ಇದಕ್ಕೆ ಮೂಲ. ಚೀನೀ ಭಾಷೆಯಲ್ಲಿ ಇದರ ಹೆಸರು ‘ತೌತೌ ಛಾಂಗ್ ಬು ಝು’. ಕದ್ದುಮುಚ್ಚಿ ಇಟ್ಟರೂ ಬಚ್ಚಿಡಲಾಗದು ಅಂತ ಅರ್ಥ. ಇಂಗ್ಲಿಷ್ ಹೆಸರಿನಲ್ಲಿ ಬರೀ ಬಚ್ಚಿಡುವುದು ಉಳಿದಿದೆ, ಬಚ್ಚಿಡಲು ಆಗದ ಕಷ್ಟ ಬಿಟ್ಟುಹೋಗಿದೆ. ಧಾರಾವಾಹಿಯ ಜೀವ ಇರುವುದೇ ಆ ಕಷ್ಟದಲ್ಲಿ.

ಕಥೆ ಬಹಳ ಸಣ್ಣದು. ಸಾಂಗ್ ಝಿ ಎಂಬ ಹುಡುಗಿಗೆ ಶಾಲೆಯಲ್ಲಿ ಏನೋ ತಕರಾರಾಗಿ, ಮನೆಯವರನ್ನು ಕರೆದುಕೊಂಡು ಬಾ ಎಂದು ಟೀಚರ್ ಹೇಳಿದ್ದಾರೆ. ಅಣ್ಣನ ಕೋಣೆಗೆ ಹೋದರೆ ಅಲ್ಲಿ ಇನ್ಯಾರೋ ಇದ್ದಾನೆ. ಅವನೇ ಅಣ್ಣನ ಕಾಲೇಜು ಗೆಳೆಯ ಡುವಾನ್ ಜಿಯಾಶು. ನನ್ನ ಅಣ್ಣನ ಹಾಗೆ ನಟಿಸಿ ಟೀಚರ್ ಹತ್ತಿರ ಮಾತಾಡು ಅಂತ ಅವನನ್ನು ಒಪ್ಪಿಸುತ್ತಾಳೆ. ಅಲ್ಲಿಂದ ಶುರುವಾಗುವ ಮೆಚ್ಚುಗೆ ವರ್ಷಗಟ್ಟಲೆ ಅವಳ ಎದೆಯಲ್ಲೇ ಇರುತ್ತದೆ. ಮುಂದೆ ಅವನು ಕೆಲಸ ಮಾಡುವ ಊರಿನ ವಿಶ್ವವಿದ್ಯಾಲಯಕ್ಕೇ ಅವಳು ಓದಲು ಹೋಗುತ್ತಾಳೆ. ಆಮೇಲೆ ಅವನಿಗೂ ಮನಸ್ಸಾಗುತ್ತದೆ. ಇಷ್ಟೇ. ರಾಜ್ಯ ಇಲ್ಲ, ಯುದ್ಧ ಇಲ್ಲ, ಮಂತ್ರವಿದ್ಯೆಯೂ ಇಲ್ಲ.

ಇಷ್ಟು ಸಣ್ಣ ಕಥೆ ಇಷ್ಟೊಂದು ಜನರನ್ನು ಹಿಡಿದು ಕೂರಿಸಿದ್ದು ಹೇಗೆ?

ನನ್ನ ಉತ್ತರ ಇದು: ಮೊದಲ ಕೆಲವು ಕಂತುಗಳಲ್ಲಿ ಕ್ಯಾಮೆರಾ ಪೂರ್ತಿ ಹುಡುಗಿಯ ಕಡೆ ಇದೆ. ಅವನು ಏನು ಅಂದುಕೊಂಡ ಅಂತ ನಮಗೆ ಗೊತ್ತೇ ಆಗಲ್ಲ, ಯಾಕಂದ್ರೆ ಅವಳಿಗೂ ಗೊತ್ತಿಲ್ಲ. ಅವನು ನಗುತ್ತಾ ತಲೆ ಸವರಿದರೆ ಅವಳ ಇಡೀ ದಿನ ಬೆಳಗುತ್ತದೆ, ಅವನಿಗೆ ಅದು ನೆನಪೂ ಇರಲ್ಲ. ಈ ತೂಕದ ವ್ಯತ್ಯಾಸವನ್ನು ಸಂಭಾಷಣೆಯಲ್ಲಿ ಹೇಳಿಸದೆ ತೋರಿಸಿದ್ದಾರೆ. ಬಾಯ್ತುದಿಗೆ ಬಂದ ಮಾತನ್ನು ನುಂಗುವುದು, ಅಣ್ಣನ ಹತ್ತಿರ ಸುಮ್ನೆ ಕೇಳಿದ ಹಾಗೆ ಗೆಳೆಯನ ಸುದ್ದಿ ಕೇಳುವುದು, ಉತ್ತರ ಸಿಕ್ಕಿದ ಕೂಡಲೇ ನನಗೇನು ಎನ್ನುವ ಹಾಗೆ ಎದ್ದು ಹೋಗುವುದು. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಯಾರನ್ನಾದರೂ ಮೆಚ್ಚಿ ಬಾಯಿ ಬಿಡದೆ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದರ ಹಿಂದೆ ಚೀನಾದ ಶಾಲೆಗಳ ಒಂದು ಸಂಗತಿಯೂ ಇದೆ. ಅಲ್ಲಿ ಶಾಲಾ ವಯಸ್ಸಿನ ಪ್ರೀತಿಗೆ ‘ಝಾವೋ ಲ್ಯಾನ್’ ಅನ್ನುತ್ತಾರೆ, ‘ಹೊತ್ತಿಗೆ ಮುಂಚಿನ ಪ್ರೀತಿ’ ಅಂತ. ಮನೆಯಲ್ಲೂ ಶಾಲೆಯಲ್ಲೂ ಅದಕ್ಕೆ ಬೈಗುಳವೇ. ಮುಂದೆ ಗಾವ್‌ಕಾವ್ ಎಂಬ ಕಾಲೇಜು ಪ್ರವೇಶ ಪರೀಕ್ಷೆ ಕಾದಿರುತ್ತದೆ. 2023ರ ಜೂನ್‌ನಲ್ಲಿ ಆ ಪರೀಕ್ಷೆಗೆ ಹೆಸರು ಕೊಟ್ಟವರು ಸುಮಾರು 1 ಕೋಟಿ 29 ಲಕ್ಷ ಮಕ್ಕಳು. ‘ಹಿಡನ್ ಲವ್’ ಬಂದಿದ್ದು ಆ ಪರೀಕ್ಷೆ ಮುಗಿದ ಎರಡು ವಾರದೊಳಗೆ. ಪುಸ್ತಕ ಮುಚ್ಚಿಟ್ಟ ಮಕ್ಕಳ ಮುಂದೆ, ಪುಸ್ತಕದ ನಡುವೆ ಮನಸ್ಸು ಬಚ್ಚಿಟ್ಟ ಹುಡುಗಿಯ ಕಥೆ. ನಮ್ಮಲ್ಲೂ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಅಂತ ಮಕ್ಕಳ ಕೊರಳಿಗೆ ಗಂಟೆ ಕಟ್ಟುತ್ತೇವೆ ಅಲ್ವಾ? ಈ ಕಥೆ ಇಲ್ಲಿನ ಹುಡುಗಿಯರಿಗೆ ಅಷ್ಟು ಬೇಗ ನಾಟಿದ್ದಕ್ಕೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ.

ಇನ್ನು ಸಾಂಗ್ ಝಿ ಆಗಿರುವ ಝಾವೋ ಲೂಸಿಯ ನಟನೆ. ಈಕೆ 1998ರಲ್ಲಿ ಹುಟ್ಟಿದವಳು. ಧಾರಾವಾಹಿ ಬಂದಾಗ 24 ವರ್ಷ. ಶಾಲಾ ಹುಡುಗಿಯಾಗಿಯೂ ಅವಳೇ, ಕಾಲೇಜು ಹುಡುಗಿಯಾಗಿಯೂ ಅವಳೇ. ಜಡೆ ಹಾಕಿ, ದನಿ ಎಳೆದು ಮಕ್ಕಳಂತೆ ಮಾಡಿದರೆ ಸಾಕು ಎಂದು ಬಿಟ್ಟಿಲ್ಲ ಅವಳು. ಚಿಕ್ಕವಳಾಗಿದ್ದಾಗ ಮಾತಾಡುವಾಗ ಅವನ ಮುಖ ನೋಡುತ್ತಾಳೆ, ಅವನು ತಿರುಗಿ ನೋಡಿದ ಕೂಡಲೇ ಕಣ್ಣು ಕೆಳಗೆ. ದೊಡ್ಡವಳಾದ ಮೇಲೆ ಆ ಕಣ್ಣು ಕೆಳಗಿಳಿಯುವುದು ನಿಧಾನವಾಗುತ್ತಾ ಬರುತ್ತದೆ. ಒಂದು ದಿನ ಇಳಿಯುವುದೇ ಇಲ್ಲ. ಅವಳು ಬೆಳೆದಳು ಎಂದು ನನಗೆ ಗೊತ್ತಾಗಿದ್ದು ಆ ನೋಟದಿಂದ. ಡುವಾನ್ ಜಿಯಾಶು ಆಗಿರುವ ಚೆನ್ ಝೆಯುವಾನ್ ಹದವಾಗಿ ನಟಿಸಿದ್ದಾನೆ. ಆದರೆ ಅವನ ಪಾತ್ರ ಅತಿ ಒಳ್ಳೆಯದು, ಅದರ ಮಾತು ಮುಂದೆ ಬರುತ್ತದೆ.

ಆದರೆ ಒಂದೇ ನಟಿ ಎರಡೂ ವಯಸ್ಸನ್ನು ಮಾಡಿದ್ದರಲ್ಲೇ ಒಂದು ತೊಡಕೂ ಇದೆ. ಶಾಲಾ ಹುಡುಗಿ ಅಂತ ಕಥೆ ಹೇಳುತ್ತದೆ. ನಮ್ಮ ಕಣ್ಣಿಗೆ ಕಾಣುವುದು 24ರ ಹೆಣ್ಣು. ಹೀಗಾಗಿ ಅವಳಿಗೂ ಅವನಿಗೂ ಇರುವ ವಯಸ್ಸಿನ ದೂರ ನಮಗೆ ತಟ್ಟುವುದೇ ಇಲ್ಲ. ನಿಜವಾಗಿಯೂ ಹದಿನಾಲ್ಕರ ಮಗುವನ್ನು ಆ ಪಾತ್ರಕ್ಕೆ ಹಾಕಿದ್ದರೆ, ಕಾಲೇಜು ಹುಡುಗ ಅವಳ ಜೊತೆ ಅಷ್ಟು ಸಲಿಗೆಯಿಂದ ಇರುವ ದೃಶ್ಯಗಳನ್ನು ನಾವು ಬೇರೆ ಥರ ನೋಡುತ್ತಿದ್ದೆವು. ಈ ಧಾರಾವಾಹಿಯ ಬಗ್ಗೆ ಎದ್ದ ದೊಡ್ಡ ಚರ್ಚೆಯೂ ಇದೇ. ಮಗುವಾಗಿದ್ದಾಗ ನೋಡಿದವಳನ್ನು ಮುಂದೆ ಪ್ರೀತಿಸುವುದು ಸರಿಯಾ?

ಬರೆದವರಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಅದಕ್ಕೇ ಎಚ್ಚರವಾಗಿ ಹೆಜ್ಜೆ ಇಟ್ಟಿದ್ದಾರೆ. ಅವಳು ಶಾಲೆಯಲ್ಲಿರುವಷ್ಟು ದಿನ ಅವನ ಮನಸ್ಸಿನಲ್ಲಿ ಗೆಳೆಯನ ತಂಗಿ ಎಂಬುದು ಬಿಟ್ಟರೆ ಬೇರೇನೂ ಇಲ್ಲ. ನಡುವೆ ಸಂಪರ್ಕ ತಪ್ಪುತ್ತದೆ. ಅವಳು ಕಾಲೇಜಿಗೆ ಬಂದ ಮೇಲೆಯೇ ಅವನ ಕಣ್ಣು ಬದಲಾಗುವುದು. ಇದನ್ನು ನಾನು ಪ್ರಾಮಾಣಿಕ ಪ್ರಯತ್ನ ಎಂದೇ ಒಪ್ಪುತ್ತೇನೆ. ಬೇಸರ ಆಗುವುದು ಆಮೇಲೆ. ಪ್ರೀತಿ ಶುರುವಾದ ಮೇಲೂ ಅವನು ಅವಳನ್ನು ಪುಟ್ಟ ಹುಡುಗಿ ಎಂದೇ ಕರೆಯುತ್ತಾನೆ, ಮಗುವಿನ ಹಾಗೆ ಮುದ್ದಿಸುತ್ತಾನೆ, ‘ಅಣ್ಣ ಅಂತ ಕರೆ’ ಎಂದು ಕೀಟಲೆ ಮಾಡುತ್ತಾನೆ. ಒಂದು ಕೈಯಲ್ಲಿ ವಯಸ್ಸಿನ ದೂರವನ್ನು ಅಳಿಸಿ, ಇನ್ನೊಂದು ಕೈಯಲ್ಲಿ ಅದನ್ನೇ ಸಿಹಿಯಾಗಿ ಬಡಿಸಿದ ಹಾಗಾಯಿತು. ಅವಳನ್ನು ದೊಡ್ಡ ಹೆಣ್ಣಾಗಿ ನೋಡಿದ್ದಾನೆ ಎಂದಮೇಲೆ ಹಾಗೇ ನಡೆಸಿಕೊಳ್ಳಬೇಕಿತ್ತು.

ಈ ‘ಅಣ್ಣ’ ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಕನ್ನಡದವರು ಈ ಧಾರಾವಾಹಿ ನೋಡುವಾಗ ಎಡವುವ ಕಲ್ಲು ಅದೇ.

ಅಕ್ಕನ ಮಗಳು ರಜೆಗೆ ಬಂದಿದ್ದಳು. ಪಿಯುಸಿ ಹುಡುಗಿ. ಟೀವಿಯಲ್ಲಿ ‘ಹಿಡನ್ ಲವ್’ ಹಾಕಿಕೊಂಡಿದ್ದಳು. ಪಕ್ಕದಲ್ಲಿ ನಮ್ಮಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ಭಾಷೆ ಬಾರದಿದ್ದರೂ ಕಥೆ ಹಿಡಿದುಬಿಟ್ಟಿದ್ದರು.

“ಅವ್ಳು ಅವನನ್ನ ‘ಗೆ ಗೆ’ ಅಂತಾಳಲ್ಲ, ಹಾಗಂದ್ರೇನೇ?”

“ಅಣ್ಣ ಅಂತ ಅಜ್ಜಿ.”

ಅಮ್ಮನ ಕೈ ನಿಂತಿತು. “ಅಣ್ಣ ಅಂತ ಕರೆದು ಅವನನ್ನೇ ಲವ್ ಮಾಡ್ತಾಳಾ? ಥೂ, ಆಫ್ ಮಾಡೇ.”

“ಅವ್ರಲ್ಲಿ ದೊಡ್ಡೋರಿಗೆಲ್ಲ ಹಾಗೇ ಕರೀತಾರೆ ಅಜ್ಜಿ.”

“ಕರೀಲಿ. ಅಣ್ಣ ಅಂದ್ಮೇಲೆ ಅಣ್ಣನೇ.”

ನಾನು ಆಮೇಲೆ ತುಂಬಾ ಹೊತ್ತು ಇದನ್ನೇ ಯೋಚಿಸಿದೆ. ನಮ್ಮಪ್ಪ ಅಮ್ಮನಿಗಿಂತ ಹನ್ನೊಂದು ವರ್ಷ ದೊಡ್ಡವರು. ಅಮ್ಮನಿಗೆ ಮದುವೆಯಾದಾಗ ಹತ್ತೊಂಬತ್ತು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮ ಕಡೆ ಅನೇಕ ಮನೆಗಳಲ್ಲಿ ನಡೆದುಬಂದ ಪದ್ಧತಿ. ತೊಟ್ಟಿಲಲ್ಲಿ ನೋಡಿದ ಮಗುವನ್ನೇ ಮುಂದೆ ಮದುವೆಯಾದ ಮಾವಂದಿರು ಎಷ್ಟೋ ಜನ. ಹಾಗಾಗಿ ವಯಸ್ಸಿನ ಅಂತರ ಅಮ್ಮನಿಗೆ ಲೆಕ್ಕಕ್ಕೇ ಬರಲಿಲ್ಲ. ಚುಚ್ಚಿದ್ದು ಆ ಒಂದು ಪದ. ಅಕ್ಕನ ಮಗಳಿಗೆ ಅದೇನೂ ಅನಿಸಲಿಲ್ಲ, ಅವಳಿಗೆ ಚುಚ್ಚಿದ್ದು ವಯಸ್ಸು. “ಅವಳಿನ್ನೂ ಸ್ಕೂಲು ಚಿಕ್ಕಿ, ಅದು ಒಂಥರಾ ಅಲ್ವಾ?” ಎಂದು ನನ್ನನ್ನು ಕೇಳಿದ್ದು ಅವಳೇ. ಒಂದೇ ಸೋಫಾದ ಮೇಲೆ ಕೂತ ಇಬ್ಬರು, ಒಂದೇ ದೃಶ್ಯ, ಎರಡು ಬೇರೆ ಬೇರೆ ಮುಜುಗರ.

ಚೀನೀ ಮಾತಿನಲ್ಲಿ ‘ಗೆಗೆ’ ಅಂದರೆ ಒಡಹುಟ್ಟಿದ ಅಣ್ಣನೂ ಹೌದು, ತನಗಿಂತ ದೊಡ್ಡ ಹುಡುಗನೂ ಹೌದು. ಅವರ ಬೆಟ್ಟದ ಸೀಮೆಯ ಜನಪದ ಹಾಡುಗಳಲ್ಲಿ ಪ್ರೇಮಿಗಳು ಒಬ್ಬರನ್ನೊಬ್ಬರು ಅಣ್ಣ, ತಂಗಿ ಅಂತಲೇ ಕರೆದು ಹಾಡುತ್ತಾರೆ. ಕೊರಿಯಾದ ‘ಒಪ್ಪಾ’ ಕೂಡ ಇದೇ ಜಾತಿಯ ಪದ. ನಮ್ಮಲ್ಲಿ ಹಾಗಲ್ಲ. ಹುಡುಗನೊಬ್ಬ ಹಿಂದೆ ಬಿದ್ದರೆ ‘ಅಣ್ಣಾ’ ಅಂತ ಒಂದು ಸಲ ಕರೆದರೆ ಸಾಕು, ಬಾಗಿಲು ಹಾಕಿದ ಹಾಗೆ. ನಮಗೆ ಪ್ರೀತಿಯ ಸಲಿಗೆ ಇರುವ ಪದ ಮಾವ, ಭಾವ. ಇನ್ನು ‘ರೀ’ ಇದೆ. ನಮ್ಮ ಧಾರಾವಾಹಿಗಳಲ್ಲಿ ನಾಯಕಿ ‘ಸರ್’ ಬಿಟ್ಟು ‘ರೀ’ ಎಂದ ದಿನ ಮನೆಮಂದಿಗೆಲ್ಲ ಅರ್ಥವಾಗುತ್ತದೆ. ಸಾಂಗ್ ಝಿಯ ಬಾಯಲ್ಲೂ ಇಂಥ ಏರಿಳಿತ ಇದೆ. ‘ಜಿಯಾಶು ಗೆ’ ಎಂದು ಮರ್ಯಾದೆಯಿಂದ ಕರೆಯುವವಳು ಸಿಟ್ಟು ಬಂದಾಗ ಪೂರ್ತಿ ಹೆಸರು ಹಿಡಿದು ಕೂಗುತ್ತಾಳೆ. ಆ ಹೆಸರಿನಲ್ಲಿ ಸಿಟ್ಟೂ ಇದೆ, ನಾನೀಗ ಚಿಕ್ಕವಳಲ್ಲ ಎಂಬ ಹಟವೂ ಇದೆ. ಸಬ್‌ಟೈಟಲ್ ಮಾತ್ರ ಓದಿದರೆ ಇದು ಕೈತಪ್ಪುತ್ತದೆ. ಕಿವಿಗೊಟ್ಟು ಕೇಳಬೇಕು.

ಈಗ ದೊಡ್ಡ ದೂರು. ಅವನು ಒಪ್ಪಿಕೊಂಡ ಮೇಲೆ ಧಾರಾವಾಹಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಚೀನೀ ಪ್ರೇಕ್ಷಕರು ಇಂಥ ಧಾರಾವಾಹಿಗಳಿಗೆ ಸಿಹಿ ಧಾರಾವಾಹಿ ಎನ್ನುತ್ತಾರೆ. ಜೋಡಿ ಮುದ್ದಾಡುವ ದೃಶ್ಯ ಬಂದರೆ ‘ಸಕ್ಕರೆ ಚೆಲ್ಲಿದರು’ ಅನ್ನುತ್ತಾರೆ. ಕಥೆ ಎಳೆದರೆ ‘ನೀರು ಬೆರೆಸಿದರು’ ಅನ್ನುತ್ತಾರೆ. ನಾವು ಸಾರಿಗೆ ನೀರು ಹಾಕಿ ಬೆಳೆಸುತ್ತೇವಲ್ಲ, ಅದೇ. ಅಲ್ಲಿ ಇದು ಎಷ್ಟು ಅತಿಯಾಗಿತ್ತೆಂದರೆ 2017ರ ‘ಟೆನ್ ಮೈಲ್ಸ್ ಆಫ್ ಪೀಚ್ ಬ್ಲಾಸಮ್ಸ್’ 58 ಕಂತು, 2018ರ ‘ಸ್ಟೋರಿ ಆಫ್ ಯಾನ್‌ಶಿ ಪ್ಯಾಲೇಸ್’ 70 ಕಂತು. ಕೊನೆಗೆ 2020ರಲ್ಲಿ ಅಲ್ಲಿನ ಪ್ರಸಾರ ಇಲಾಖೆಯೇ ಸೂಚನೆ ಹೊರಡಿಸಿ, 40 ಕಂತು ದಾಟಬೇಡಿ, 30ರ ಒಳಗಿದ್ದರೆ ಒಳ್ಳೆಯದು ಎಂದಿತು. ‘ಹಿಡನ್ ಲವ್’ ಬರೀ 25. ಕನ್ನಡದ ಧಾರಾವಾಹಿಗಳು ನೂರಾರು ಕಂತು ಓಡುವುದನ್ನು ನೋಡಿದ ನಮಗೆ ಇದು ಒಂದು ವಾರದ ಊಟ. ಆದರೂ ನೀರು ಬೆರೆತಿದೆ. ಕಂತಿನ ಲೆಕ್ಕ ಚಿಕ್ಕದಾದರೆ ಕಥೆ ಗಟ್ಟಿಯಾಗುತ್ತದೆ ಎಂದೇನಿಲ್ಲ.

ಮೊದಲ ಭಾಗದಲ್ಲಿ ಒಂದು ನೋಟಕ್ಕೆ ಎಷ್ಟು ಬೆಲೆ ಇತ್ತು! ಕೊನೆಯ ಭಾಗದಲ್ಲಿ ತಬ್ಬಿಕೊಳ್ಳುವುದೂ ಮಾಮೂಲಿ. ಅಡುಗೆ ಮಾಡುವುದು, ಊಟ ತಿನ್ನಿಸುವುದು, ಕೀಟಲೆ, ಮುನಿಸು, ಮುತ್ತು, ಮತ್ತೆ ಕೀಟಲೆ. ಒಂದು ಕಂತು ಬಿಟ್ಟು ಮುಂದಿನದು ನೋಡಿದರೂ ಏನೂ ತಪ್ಪಿಹೋಗಲ್ಲ. ಸಿಹಿ ತಿಂಡಿ ಇಷ್ಟಪಡುವವರಿಗೆ ಇದೇ ಬೇಕಿರಬಹುದು, ದಿನವೆಲ್ಲ ದುಡಿದು ಬಂದವರಿಗೆ ಯಾರೂ ಯಾರನ್ನೂ ನೋಯಿಸದ ಒಂದು ಗಂಟೆ ಬೇಕು ಎನ್ನುವುದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ವಿಮಾನ ಹತ್ತಿ ಹೋಗಿ ಅತ್ತು ಬಂದ ಆ ಹುಡುಗಿ ಎಲ್ಲಿ ಹೋದಳು? ಅಷ್ಟು ವರ್ಷ ಒಬ್ಬಳೇ ಹೊತ್ತ ಭಾರದ ಬಗ್ಗೆ ಅವಳಿಗೆ ಅವನ ಮೇಲೆ ಒಂದಿಷ್ಟಾದರೂ ಸಿಟ್ಟು, ಲೆಕ್ಕಾಚಾರ ಇರಬೇಕಿತ್ತು. ಅದನ್ನು ಕೆದಕುವ ಧೈರ್ಯ ಮಾಡಿಲ್ಲ.

ಹಾಗಂತ ಕೆದಕಲು ಗಟ್ಟಿ ವಿಷಯ ಇರಲಿಲ್ಲ ಎಂದಲ್ಲ. ಡುವಾನ್ ಜಿಯಾಶುವಿನ ಅಪ್ಪ ಕುಡಿದು ಕಾರು ಓಡಿಸಿ ಒಬ್ಬನನ್ನು ಕೊಂದಿದ್ದಾನೆ. ಆಮೇಲೆ ಕಟ್ಟಡದಿಂದ ಹಾರಿ, ಸಾಯದೆ, ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಮಲಗಿದ್ದಾನೆ. ತಾಯಿ ಕಾಯಿಲೆಯಿಂದ ತೀರಿಕೊಂಡಿದ್ದಾಳೆ. ಸಾಲ, ಆಸ್ಪತ್ರೆ ಖರ್ಚು ಎಲ್ಲ ಹುಡುಗನ ತಲೆ ಮೇಲೆ. ಸತ್ತವನ ಮಗಳು ಜಿಯಾಂಗ್ ಯಿಂಗ್ ಇವನ ಬೆನ್ನು ಬಿಡುವುದಿಲ್ಲ. ಅಪ್ಪನ ತಪ್ಪಿಗೆ ಮಗ ಎಷ್ಟು ದಿನ ತಲೆ ತಗ್ಗಿಸಬೇಕು? ಅಪ್ಪನನ್ನು ಕಳೆದುಕೊಂಡವಳ ದುಃಖಕ್ಕೆ ಕೊನೆ ಎಲ್ಲಿ? ಇದೊಂದೇ ಎಳೆ ಹಿಡಿದಿದ್ದರೆ ದೊಡ್ಡ ಕಥೆ ಆಗುತ್ತಿತ್ತು. ಇಲ್ಲಿ ಜಿಯಾಂಗ್ ಯಿಂಗ್ ಬರೀ ಕಾಟ ಕೊಡುವ ಹೆಂಗಸು. ಜೋಡಿಗೆ ಅಡ್ಡ ಬರಬೇಕಾದಾಗ ಬರುತ್ತಾಳೆ, ಕಿರುಚುತ್ತಾಳೆ, ಹೋಗುತ್ತಾಳೆ. ಅವಳ ಮನೆ, ಅವಳ ಒಂದು ರಾತ್ರಿ, ಅವಳ ಅಮ್ಮನ ಜೊತೆಗಿನ ಒಂದು ಮಾತು ತೋರಿಸಿದ್ದರೂ ಸಾಕಿತ್ತು. ಈ ಧಾರಾವಾಹಿ ಅವಳಿಗೆ ಅನ್ಯಾಯ ಮಾಡಿದೆ ಎಂದೇ ನನ್ನ ಅನಿಸಿಕೆ.

ಅವಳಿಗೆ ಮಾಡಿದ ಅನ್ಯಾಯ ತಿರುಗಿ ನಾಯಕನಿಗೂ ತಟ್ಟಿದೆ. ಇಷ್ಟೆಲ್ಲ ಅನುಭವಿಸಿದ ಹುಡುಗ ಒಂದು ಸಲವೂ ಕೆಟ್ಟದಾಗಿ ನಡೆದುಕೊಳ್ಳುವುದಿಲ್ಲ. ದಣಿದಾಗಲೂ ನಗು, ನೋವಿನಲ್ಲೂ ತಮಾಷೆ. ಅಪೆಂಡಿಕ್ಸ್ ನೋವಿನಿಂದ ಆಸ್ಪತ್ರೆ ಸೇರಿ, ಸಾಂಗ್ ಝಿಯ ಆರೈಕೆ ಪಡೆಯುವಾಗ ಮಾತ್ರ ಅವನು ಸ್ವಲ್ಪ ಮನುಷ್ಯನಂತೆ ಕಂಡ. ಯಾರೂ ಇಲ್ಲದವನಿಗೆ ಯಾರೋ ಬಂದು ಹತ್ತಿರ ಕೂತರೆ ಏನಾಗುತ್ತದೆ ಎಂದು ಅಲ್ಲಿ ಕಾಣುತ್ತದೆ. ಅಂಥದ್ದು ಇನ್ನೂ ಜಾಸ್ತಿ ಬೇಕಿತ್ತು.

ಊರುಗಳ ವಿಷಯದಲ್ಲೂ ಇದೇ ಕೊರತೆ. ಕಥೆ ನಡೆಯುವ ನಾನ್‌ವು, ಯಿಹೆ ಎರಡೂ ನಕ್ಷೆಯಲ್ಲಿಲ್ಲದ ಊರುಗಳು. ಬೀದಿ ಚೊಕ್ಕಟ, ಮನೆ ಚೊಕ್ಕಟ, ಬೆಳಕು ಹಾಲಿನಂತೆ. ಆದರೆ ಆ ಊರಿನ ಮಾತಿನ ಧಾಟಿ ಏನು, ಬೆಳಿಗ್ಗೆ ಏನು ತಿನ್ನುತ್ತಾರೆ, ಮಳೆ ಬಂದರೆ ಎಲ್ಲಿ ನಿಲ್ಲುತ್ತಾರೆ ಅಂತ ಗೊತ್ತಾಗಲ್ಲ. ಅದೇ 2023ರ ಆರಂಭದಲ್ಲಿ ಬಂದ ‘ಮೀಟ್ ಯುವರ್‌ಸೆಲ್ಫ್’ ಯುನ್ನಾನ್ ಪ್ರಾಂತ್ಯದ ದಾಲಿ ಎಂಬ ನಿಜವಾದ ಸೀಮೆಯಲ್ಲಿ ನಡೆಯುತ್ತದೆ. ಅದನ್ನು ನೋಡಿ ಚೀನಾದ ಜನ ದಾಲಿಗೆ ಪ್ರವಾಸ ಹೊರಟರು. ನಾನ್‌ವುಗೆ ಯಾರೂ ಹೋಗಲಾರರು.

ಇಷ್ಟೆಲ್ಲ ದೂರಿದ ಮೇಲೂ ಈ ಧಾರಾವಾಹಿಯಲ್ಲಿ ಮೊದಲಿಂದ ಕೊನೆವರೆಗೆ ಎಲ್ಲೂ ಸಡಿಲವಾಗದ ಒಂದು ಎಳೆ ಇದೆ. ಅದು ಸಾಂಗ್ ಝಿ ಮತ್ತು ಅವಳ ನಿಜವಾದ ಅಣ್ಣ ಸಾಂಗ್ ಯಾನ್. ಅವನು ತಂಗಿಯನ್ನು ಕರೆಯುವುದೇ ‘ಪುಟ್ಟ ಪಿಶಾಚಿ’ ಅಂತ. ಒಂದು ಒಳ್ಳೆ ಮಾತಿಲ್ಲ. ಇವಳೂ ಬಿಡುವುದಿಲ್ಲ. ಆದರೆ ಅವಳಿಗೆ ಏನಾದರೂ ಆಯಿತು ಎಂದರೆ ಮೊದಲು ಎದ್ದು ನಿಲ್ಲುವವನು ಅವನೇ. ಗೆಳೆಯನೂ ತಂಗಿಯೂ ಪ್ರೀತಿಸುತ್ತಿದ್ದಾರೆ ಎಂದು ಗೊತ್ತಾದಾಗ ಅವನಿಗೆ ಬರುವ ಸಿಟ್ಟಿದೆಯಲ್ಲ, ಅದು ಸಿನಿಮಾದ ಸಿಟ್ಟಲ್ಲ. ಮನೆಯ ಸಿಟ್ಟು. ನನ್ನ ಕೋಣೆಗೆ ಬಂದವನು, ನನ್ನ ಮನೆ ಊಟ ಉಂಡವನು, ನನಗೇ ಹೇಳದೆ ಹೀಗೆ ಮಾಡಿದನಲ್ಲ ಎಂಬ ಸಂಕಟ. ಮಾ ಬೊಚ್ಯಾನ್ ಎಂಬ ನಟ ಈ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾನೆ ಎಂದರೆ, ಅವನು ಬಂದಾಗಲೆಲ್ಲ ಸಪ್ಪೆಯಾದ ಕಂತಿಗೂ ಉಪ್ಪು ಬಿದ್ದ ಹಾಗೆ.

ಇದೇ ಸಾಂಗ್ ಯಾನ್‌ನ ಪ್ರೇಮಕಥೆ ‘ದಿ ಫಸ್ಟ್ ಫ್ರಾಸ್ಟ್’ ಎಂಬ ಹೆಸರಿನಲ್ಲಿ 2025ರ ಫೆಬ್ರವರಿಯಲ್ಲಿ ಬಂತು. ಅದೂ ಝು ಯಿ ಕಾದಂಬರಿಯೇ, 32 ಕಂತು. ಅಲ್ಲಿ ಸಾಂಗ್ ಯಾನ್ ಆಗಿರುವುದು ಬಾಯ್ ಜಿಂಗ್‌ಟಿಂಗ್. ನಾಯಕಿ ವೆನ್ ಯಿಫಾನ್ ಹರೆಯದಲ್ಲಿ ಮನೆಯವರಿಂದಲೇ ಘಾಸಿಗೊಂಡವಳು. ನಿದ್ದೆಯಲ್ಲಿ ಎದ್ದು ಓಡಾಡುತ್ತಾಳೆ, ಹಗಲಲ್ಲಿ ಯಾರ ಹತ್ತಿರವೂ ಏನೂ ಹೇಳುವುದಿಲ್ಲ. ಜಿಯಾಂಗ್ ಯಿಂಗ್‌ಗೆ ಸಿಗದ ತಾಳ್ಮೆ ಇವಳಿಗೆ ಸಿಕ್ಕಿದೆ. ಅವಳ ನೋವನ್ನು ಒಂದೇ ಸಲ ಬಿಚ್ಚದೆ, ಅವಳು ಹೇಳಲು ಸಿದ್ಧಳಾದಾಗ ಮಾತ್ರ ಕೇಳಿಸಿಕೊಳ್ಳುವ ಹಾಗೆ ಕಥೆ ನಡೆಯುತ್ತದೆ.

ನೋಡುವ ದಾರಿಯ ಬಗ್ಗೆಯೂ ಒಂದು ಮಾತು. 2020ರಲ್ಲಿ ಭಾರತ ಸರ್ಕಾರ ಚೀನೀ ಆಪ್‌ಗಳನ್ನು ನಿಷೇಧಿಸಿದಾಗ, ಆ ವರ್ಷದ ನವೆಂಬರ್ ಪಟ್ಟಿಯಲ್ಲಿ ಚೀನೀ ಧಾರಾವಾಹಿಗಳ ‘ವೀಟೀವಿ’ ಕೂಡ ಇತ್ತು. ಆದರೂ ನೆಟ್‌ಫ್ಲಿಕ್ಸ್, ಯೂಟ್ಯೂಬ್ ದಾರಿಯಲ್ಲಿ ಇವು ನಮ್ಮ ಮನೆಗೆ ಬರುತ್ತಲೇ ಇವೆ. ಹುಡುಗಿಯರು ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ನೋಡುತ್ತಾರೆ. ಅಜ್ಜಿಗೆ ಮೊಮ್ಮಗಳೇ ಸಬ್‌ಟೈಟಲ್.

ಯಾರಾದರೂ ‘ಹಿಡನ್ ಲವ್’ ಅನ್ನು ಕನ್ನಡಕ್ಕೆ ತರುವುದಾದರೆ ಆ ‘ಗೆ’ ಪದವನ್ನು ಹಾಗೇ ಬಿಡಲಿ ಎಂದು ನನ್ನ ಕೋರಿಕೆ. ‘ಜಿಯಾಶು ಅಣ್ಣ’ ಎಂದರೆ ನಮ್ಮಮ್ಮ ಟೀವಿ ಆರಿಸುತ್ತಾರೆ. ‘ಜಿಯಾಶು ಮಾವ’ ಎಂದರೆ ಮೊದಲ ಕಂತಿನಲ್ಲೇ ಗುಟ್ಟು ರಟ್ಟು. ಅಂದು ಸಂಜೆ ಅಕ್ಕನ ಮಗಳು ಇದಕ್ಕೊಂದು ಉಪಾಯ ಮಾಡಿದಳು. ಅಜ್ಜಿಗೆ ಕಥೆ ಹೇಳುವಾಗ ಸಾಂಗ್ ಯಾನ್‌ನನ್ನು ‘ಅಣ್ಣ’ ಎಂದಳು, ಡುವಾನ್ ಜಿಯಾಶುವನ್ನು ಬರೀ ‘ಅಣ್ಣನ ಫ್ರೆಂಡು’ ಎಂದಳು. ಅಮ್ಮ ಹುರುಳಿಕಾಯಿಯ ಮೊರ ಮತ್ತೆ ಹತ್ತಿರ ಎಳೆದುಕೊಂಡರು.

“ಆ ಫ್ರೆಂಡಿಗೆ ಅಪ್ಪ ಅಮ್ಮ ಯಾರೂ ಇಲ್ವಾ? ಪಾಪ. ಊಟಕ್ಕೇನು ಮಾಡ್ತಾನೆ ಅವ್ನು?”